ಒಕವಾಂಗೊ ನೀರೋ, ಕಲಹಾರಿ ಮರಳೋ?

ಬೋಟ್ಸ್ವಾನಾದಲ್ಲಿ ಗೈಡ್ ಜೊತೆ ಟೆಂಟ್ ಸಫಾರಿ ಮಾಡುವ ಆಸೆ ಇದೆ, ಆದರೆ ರಜೆ ಒಂದೇ ಕಡೆಗೆ ಸಾಕಾಗುತ್ತದೆ ಅಂದರೆ, ಮೊದಲು ತಿಂಗಳು ನೋಡಿ.

ಜೂನ್‌ನಿಂದ ಆಗಸ್ಟ್ ಆದರೆ ಒಕವಾಂಗೊ ಡೆಲ್ಟಾ, ಅಂದರೆ ನದಿ ಕವಲೊಡೆದು ಹರಡಿಕೊಳ್ಳುವ ಜೌಗು ಪ್ರದೇಶ. ವರ್ಷದ ಆರಂಭದಲ್ಲಿ ಅಂಗೋಲಾದ ಬೆಟ್ಟಗಳಲ್ಲಿ ಸುರಿದ ಮಳೆ ನಿಧಾನವಾಗಿ ಹರಿದು ಬಂದು, ಇಲ್ಲಿ ಮಳೆಯೇ ಇಲ್ಲದ ತಿಂಗಳಲ್ಲಿ ಡೆಲ್ಟಾ ತುಂಬಿಕೊಳ್ಳುತ್ತದೆ. ಮೊಕೊರೊ ಅನ್ನುವ ಸಪೂರ ದೋಣಿಯನ್ನು ಹಿಂದೆ ನಿಂತವರು ಉದ್ದ ಕೋಲು ಊರಿ ತಳ್ಳುತ್ತಾರೆ. ನೀರು ಮೊಣಕೈ ಹತ್ತಿರವೇ ಇರುತ್ತದೆ, ಜೊಂಡು ಭುಜಕ್ಕೆ ಸವರುತ್ತದೆ, ಇಂಜಿನ್ ಸದ್ದೇ ಇಲ್ಲ. ಅದಕ್ಕಾಗಿಯೇ ಹೋಗಬೇಕು! ಸಿಂಹ ನೋಡಲು ಮಾತ್ರ ಮೊರೆಮಿ ವನ್ಯಧಾಮದ ಕಡೆ ಜೀಪೇ ಬೇಕು.

ಡಿಸೆಂಬರ್‌ನಿಂದ ಏಪ್ರಿಲ್ ಆದರೆ ಕಲಹಾರಿ ಮರುಭೂಮಿ. ಮಳೆ ಬಿದ್ದ ಮೇಲೆ ಡಿಸೆಪ್ಶನ್ ವ್ಯಾಲಿಯಲ್ಲಿ ಹುಲ್ಲು ಚಿಗುರಿ ಸ್ಪ್ರಿಂಗ್‌ಬಾಕ್, ಓರಿಕ್ಸ್ ಅನ್ನುವ ಹುಲ್ಲೆಗಳು ಸೇರುತ್ತವೆ, ಹಿಂದೆಯೇ ಕಪ್ಪು ಕೇಸರದ ಸಿಂಹಗಳು. ಕ್ಯಾಂಪಿಗೆ ಬೇಲಿ ಇಲ್ಲ. ಕುಡಿಯುವ ನೀರು, ಡೀಸೆಲ್ ಎಲ್ಲ ಹೊತ್ತೇ ಹೋಗಬೇಕು. ಜುಲೈನಲ್ಲಿ ಹೋದರೆ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುವುದೂ ಉಂಟು, ಸುಮ್ನೆ ಒಂದು ಸ್ವೆಟರ್ ಸಾಲದು.

ಮೊದಲ ಸಲ ಆದರೆ ನನ್ನ ಓಟು ಒಕವಾಂಗೊಗೆ. ಎರಡಕ್ಕೂ ಮೌನ್ ಊರಿನಿಂದ ಹೊರಡಬಹುದು. ಬುಕ್ ಮಾಡುವಾಗ ಟೆಂಟ್ ಹಾಕುವುದು, ಪಾತ್ರೆ ತೊಳೆಯುವುದು ಯಾರ ಕೆಲಸ ಅಂತ ಕೇಳಿಕೊಳ್ಳಿ, ದುಡ್ಡು ಜಾಸ್ತಿ ಆಗುವುದು ಅಲ್ಲೇ.