ಸಾಬೂನಿಗೆ ಗಾಣದ ಎಣ್ಣೆ: ಶಹಾಬಜಾರದ ಒಂದು ಅಂಗಡಿ

ಕಲಬುರಗಿಯ ಶಹಾಬಜಾರದಲ್ಲಿರುವ ಮರದ ಗಾಣದ ಅಂಗಡಿಯೊಂದರಿಂದ ನಾನು ಈವರೆಗೆ ಎರಡು ಸಲ, ಸಾಬೂನು ಮಾಡುವುದಕ್ಕೆಂದೇ ಎಣ್ಣೆ ತಂದಿದ್ದೇನೆ. ಅಡುಗೆಗೆ ಈ ಎಣ್ಣೆ ಎಷ್ಟು ಚೆನ್ನ ಎಂಬುದು ಊರಿಗೆಲ್ಲ ಗೊತ್ತು. ಸಾಬೂನಿಗೆ ಹೇಗೆ ಒದಗುತ್ತದೆ ಎಂಬುದಷ್ಟೇ ಇಲ್ಲಿಯ ವಿಷಯ.

ಮೊದಲ ಸಲ ನಮ್ಮ ಸೀಮೆಯ ಬೆಳೆಯೆಂಬ ಅಭಿಮಾನದಿಂದ ಒಟ್ಟು 500 ಗ್ರಾಂ ಎಣ್ಣೆಯಲ್ಲಿ 300 ಗ್ರಾಂ ಕುಸುಬಿ ಎಣ್ಣೆಯನ್ನೇ ಹಾಕಿದೆ. ಸಾಬೂನು ನಾಲ್ಕು ದಿನವಾದರೂ ಅಚ್ಚಿನಿಂದ ಬಿಡಲಿಲ್ಲ, ಆರು ವಾರ ಒಣಗಿದ ಮೇಲೂ ಬೆರಳೊತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಿತ್ತು, ಬೇಸಿಗೆ ಏರಿದಂತೆ ಅದರ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳೆದ್ದು ಕಮಟು ವಾಸನೆ ಬಂದಿತು. ಇದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಕ್ ಆಮ್ಲವೆಂಬ ಕೊಬ್ಬಿನಾಮ್ಲವೇ ಇರುತ್ತದೆ. ಅದು ಗಾಳಿ ಮತ್ತು ಬಿಸಿಗೆ ಬೇಗ ಕೆಡುತ್ತದೆ, ಗಟ್ಟಿತನವನ್ನೂ ಕೊಡುವುದಿಲ್ಲ.

ಎರಡನೆಯ ಸಲ ಕೊಬ್ಬರಿ ಎಣ್ಣೆ 200 ಗ್ರಾಂ, ಶೇಂಗಾ ಎಣ್ಣೆ 200 ಗ್ರಾಂ, ಕುಸುಬಿ ಮತ್ತು ಔಡಲ ಎಣ್ಣೆ ತಲಾ 50 ಗ್ರಾಂ ತೆಗೆದುಕೊಂಡೆ. ಇದಕ್ಕೆ 73 ಗ್ರಾಂ ಶುದ್ಧ ಕಾಸ್ಟಿಕ್ ಸೋಡಾ (ಎಣ್ಣೆಯನ್ನು ಸಾಬೂನಾಗಿಸುವ ಕ್ಷಾರ) ಮತ್ತು 150 ಗ್ರಾಂ ನೀರು ಸಾಕು, ಶೇ. 5ರಷ್ಟು ಎಣ್ಣೆ ಸಾಬೂನಾಗದೆ ಉಳಿದು ಚರ್ಮವನ್ನು ಕಾಯುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರನ್ನು ಬಿಟ್ಟು ಡಿಸ್ಟಿಲ್ಡ್ ವಾಟರ್ ಬಳಸಿದೆ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಪಾತ್ರೆ ಸ್ಟೀಲಿನದೇ ಆಗಬೇಕು, ಏಕೆಂದರೆ ಅಲ್ಯೂಮಿನಿಯಮನ್ನು ಸೋಡಾ ತಿಂದುಹಾಕುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಇದಕ್ಕೆ ಕೈ ಹಾಕಲೇಬಾರದು. ಮಿಶ್ರಣ ಜೋಳದ ಅಂಬಲಿಯ ಹದಕ್ಕೆ ಬಂದ ಮೇಲೆ ಅಚ್ಚಿಗೆ ಹೊಯ್ದೆ. ಎರಡನೆಯ ದಿನವೇ ಕತ್ತರಿಸಲು ಬಂದ ಆ ಸಾಬೂನು ಐದು ವಾರ ಒಣಗಿ, ಈಗ ನಮ್ಮ ಮನೆಯ ಗಡಸು ನೀರಿನಲ್ಲೂ ತಕ್ಕಷ್ಟು ನೊರೆ ಕೊಡುತ್ತಿದೆ.

ಅಂಗಡಿಯವರ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಶೇಂಗಾ ಎಣ್ಣೆ ಕೇಳಿದಾಗ ಡಬ್ಬಿಯಲ್ಲಿ ಇದ್ದರೂ ಕೊಡದೆ, "ಇದು ಹಳೀದದ ಅಕ್ಕಾರ, ನಾಳಿ ಬರ್ರಿ, ಹೊಸಾದು ತೆಗೀತೀವಿ" ಎಂದರು. ಮರುದಿನ ಹೋದಾಗ ಹಿಂಡಿ ಇನ್ನೂ ಬೆಚ್ಚಗಿತ್ತು. ಲೀಟರಿನ ಲೆಕ್ಕದಲ್ಲಿ ಮಾರುವವರಾದರೂ ನನಗಾಗಿ ತಕ್ಕಡಿಯಲ್ಲಿ ತೂಗಿ ಕೊಟ್ಟರು. ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲವಾದ್ದರಿಂದ ಸಾಬೂನು ಮಾಡುವವರಿಗೆ ಇದು ಸಣ್ಣ ಉಪಕಾರವಲ್ಲ.

ಕೊರತೆಗಳೂ ಇವೆ. ಹೊಸ ಎಣ್ಣೆಯಲ್ಲಿ ಮಡ್ಡಿ ಹೆಚ್ಚು. ಎರಡು ದಿನ ನಿಲ್ಲಿಸಿ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕಾಯಿತು. ಔಡಲ ಎಣ್ಣೆಯನ್ನು ಅವರು ಅಲ್ಲಿ ತೆಗೆಯುವುದಿಲ್ಲ, ಹೊರಗಿನಿಂದ ತರಿಸಿದ ಕ್ಯಾನಿನಿಂದ ಕೊಡುತ್ತಾರೆ. ಕೊಬ್ಬರಿ ಎಣ್ಣೆಯ ಬೆಲೆ ಭಾರವೆನಿಸುತ್ತದೆ, ಆದರೆ ತೆಂಗು ಬೆಳೆಯದ ನಮ್ಮ ಕಡೆಗೆ ಕೊಬ್ಬರಿ ದೂರದಿಂದಲೇ ಬರಬೇಕು. ಬಾಟಲಿಯ ಮೇಲೆ ಎಣ್ಣೆ ತೆಗೆದ ದಿನಾಂಕವನ್ನು ಬರೆಯುವುದಿಲ್ಲ. ಕೇಳಿದರೆ ಹೇಳುತ್ತಾರೆ, ಆದ್ದರಿಂದ ಕುಸುಬಿ ಎಣ್ಣೆ ಕೊಳ್ಳುವವರು ಅದನ್ನು ತಪ್ಪದೆ ಕೇಳಿಯೇ ಕೊಳ್ಳಬೇಕು.