ಕೋರ್ಟಿನ ಲಕೋಟೆ ವಾಪಸ್ ಕಳಿಸಬೇಡಿ

ಯಾರದೋ ಸಾಲಕ್ಕೆ ಶೂರಿಟಿ ಹಾಕಿದ್ದೀರಾ? ನಿಮ್ಮದೇ ಕೈಸಾಲ, ಫೈನಾನ್ಸ್ ಸಾಲ ಬಾಕಿ ಇದೆಯಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಒಂದು ರೂಪಾಯಿ ಸಾಲ ಮಾಡಿದವನಲ್ಲ. ಆದರೂ 14 ತಿಂಗಳು ನನ್ನ ಸಂಬಳದಲ್ಲಿ ತಿಂಗಳಿಗೆ 8,000 ರೂಪಾಯಿ ಹಿಡಿದರು. ಕೊನೆಗೆ ಹೆಂಡತಿಯ ಬಳೆ ಮಾರಿ ಕೇಸು ಮುಗಿಸಿಕೊಂಡೆ. ಶೂರಿಟಿ ಹಾಕಿದ್ದು ಒಂದು ತಪ್ಪು. ಕೋರ್ಟಿನಿಂದ ಬಂದ ಕಾಗದ ತೆಗೆದುಕೊಳ್ಳದೇ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಆ ಎರಡನೆಯ ತಪ್ಪನ್ನು ನೀವು ಮಾಡಬಾರದು ಅಂತಲೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಾನು ತಿಪಟೂರಿನಲ್ಲಿ ಖಾಸಗಿ ಶಾಲೆಯೊಂದರ ಮೇಷ್ಟ್ರು. ನನ್ನ ಸ್ನೇಹಿತನೊಬ್ಬ ಸಣ್ಣದಾಗಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ. 2016ರ ಜೂನ್‌ನಲ್ಲಿ ಒಂದು ಫೈನಾನ್ಸಿನಲ್ಲಿ 2 ಲಕ್ಷ ಸಾಲಕ್ಕೆ ಹೋದ. ಜಮೀನು ಅಡ ಇಲ್ಲ, ಒಡವೆ ಇಲ್ಲ. ಪ್ರೋನೋಟು (ಸಾಲ ತೀರಿಸುತ್ತೇನೆ ಅಂತ ಸಹಿ ಮಾಡಿ ಬರೆದುಕೊಡೋ ಕಾಗದ) ಮತ್ತು ಒಬ್ಬ ಶೂರಿಟಿ ಇದ್ದರೆ ಸಾಕು ಅಂದರಂತೆ. "ಮೇಷ್ಟ್ರೇ, ನಿಮ್ದೊಂದು ಸೈನ್ ಅಷ್ಟೇ. ನೀವು ಸಂಬಳದವರು, ಅದಕ್ಕೇ ಕೇಳ್ತಿದಾರೆ" ಎಂದ. ಸಂಬಳದವನು ಅನ್ನೋ ಕಾರಣಕ್ಕೇ ನನ್ನ ಸಹಿ ಬೇಕು ಅಂದರೆ ಏನರ್ಥ ಅಂತ ನಾನು ಅವತ್ತು ಯೋಚಿಸಲಿಲ್ಲ. ಅಚ್ಚು ಹಾಕಿದ ಫಾರಂ. ರೆವಿನ್ಯೂ ಸ್ಟಾಂಪಿನ ಮೇಲೆ ಅವನು ಸಹಿ ಮಾಡಿದ. ಕೆಳಗೆ ಜಾಮೀನುದಾರ ಅಂತ ಇದ್ದ ಕಡೆ ನಾನು ಮಾಡಿದೆ. ಬಡ್ಡಿ ದರ ಬರೆಯೋ ಜಾಗ ಖಾಲಿ ಇತ್ತು. ತಿಂಗಳಿಗೆ ನೂರಕ್ಕೆ ಒಂದೂವರೆ ಅಂತ ಬಾಯಲ್ಲಿ ಹೇಳಿದರು.

ಆಮೇಲೆ ವ್ಯಾಪಾರ ಕೈಕೊಟ್ಟಿತು. ಅವನು ಅಷ್ಟಿಷ್ಟು ಅಂತ ಒಟ್ಟು 60,000 ಕಟ್ಟಿ ನಿಲ್ಲಿಸಿಬಿಟ್ಟ. 2019ರ ಮೊದಲಲ್ಲಿ ನನಗೆ ವಕೀಲರ ನೋಟೀಸು ಬಂತು. ಅವನಿಗೆ ಫೋನ್ ಮಾಡಿದರೆ, "ನೀವ್ಯಾಕೆ ತಲೆ ಕೆಡಿಸ್ಕೋತೀರಿ ಮೇಷ್ಟ್ರೇ, ನಾನು ಮಾತಾಡಿದೀನಿ" ಎಂದ. ನಾನು ಆ ನೋಟೀಸನ್ನು ಟಿವಿ ಕೆಳಗೆ ಇಟ್ಟು ಮರೆತೆ.

ಅದೇ ವರ್ಷ ಮೇ ಕೊನೆಗೆ ದಾವೆ ಬಿತ್ತು. ಈ ಸಮಯ ಆಕಸ್ಮಿಕ ಅಂದುಕೊಳ್ಳಬೇಡಿ. ಕೇಳಿದ ತಕ್ಷಣ ಕೊಡತಕ್ಕದ್ದು ಅನ್ನೋ ಪ್ರೋನೋಟಿಗೆ ಬರೆದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಅವಧಿ ಮೀರಿದರೆ ವಸೂಲಿಯ ದಾರಿ ಮುಚ್ಚುತ್ತದೆ. ನಡುವೆ ಸಾಲಗಾರ ಸಾಲ ಇದೆ ಅಂತ ಬರೆದು ಸಹಿ ಮಾಡಿದರೆ, ಅಥವಾ ಕಟ್ಟಿದ ದುಡ್ಡಿಗೆ ತನ್ನ ಕೈಯಲ್ಲೇ ಬರೆದುಕೊಟ್ಟರೆ, ಅಲ್ಲಿಂದ ಹೊಸದಾಗಿ 3 ವರ್ಷ ಶುರುವಾಗುತ್ತದೆ. "ಸುಮ್ನೆ ಒಂದು ಸೈನ್ ಹಾಕಿ, ಲೆಕ್ಕಕ್ಕೆ" ಅಂತ ಹಳೇ ಸಾಲಕ್ಕೆ ಹೊಸ ಕಾಗದ ತಂದರೆ ಅದಕ್ಕೇ ಹುಷಾರಾಗಿರಿ.

ಇನ್ನು ನಾನು ಮಾಡಿದ್ದನ್ನು ಹೇಳಲೇಬೇಕು. ಅಂಚೆಯವರು ಕೋರ್ಟಿನ ಲಕೋಟೆ ತಂದರು. ಖಾಕಿ ಬಣ್ಣದ ಉದ್ದನೆ ಲಕೋಟೆ, ಮೇಲೆ ದುಂಡನೆ ಮೊಹರು. ನೋಡಿದ ಕೂಡಲೇ ಎದೆ ಝಲ್ಲೆಂದಿತು. "ನಮ್ಮದಲ್ಲ, ಬೇಡ" ಅಂದುಬಿಟ್ಟೆ. ಅವರು ನನ್ನ ಮುಖ ನೋಡಿ, "ಮೇಷ್ಟ್ರೇ, ತಗೊಂಡುಬಿಡಿ, ಒಳ್ಳೇದು" ಅಂದರು. ನಾನು ಕೇಳಲಿಲ್ಲ. ಅವರು ಬಾಗಿಲಲ್ಲೇ ನಿಂತು ಲಕೋಟೆಯ ಹಿಂದೆ 'ತೆಗೆದುಕೊಳ್ಳಲು ನಿರಾಕರಿಸಿದ್ದಾರೆ' ಅಂತ ಶರಾ ಬರೆದು, ತಾರೀಕು ಹಾಕಿ ಹೋದರು. ವಾರ ಬಿಟ್ಟು ಕೋರ್ಟಿನ ಅಮೀನರು, ಅಂದರೆ ಕೋರ್ಟಿನ ಕಾಗದ, ಆದೇಶ ಜಾರಿ ಮಾಡೋ ನೌಕರರು, ಬಂದರು. ನಾನು ಒಳಗಿದ್ದೆ. ಅಮ್ಮನ ಬಾಯಲ್ಲಿ ಇಲ್ಲ ಅನ್ನಿಸಿದೆ. ಕಾಗದ ಕೈಗೆ ಬರದಿದ್ದರೆ ಕೇಸು ನಡೆಯೋದಿಲ್ಲ ಅಂತ ಯಾರೋ ಟೀ ಅಂಗಡಿಯಲ್ಲಿ ಹೇಳಿದ್ದನ್ನು ನಂಬಿದ್ದೆ.

ಅದು ಪೂರ್ತಿ ಸುಳ್ಳು. ನಿರಾಕರಿಸಿದರೆ ಸಮನ್ಸ್ (ಕೋರ್ಟಿಗೆ ಬನ್ನಿ ಅನ್ನೋ ಕರೆ) ಜಾರಿಯಾಯಿತು ಅಂತಲೇ ಕೋರ್ಟು ಪರಿಗಣಿಸುತ್ತದೆ. ಬಾಗಿಲು ಹಾಕಿಕೊಂಡು ತಪ್ಪಿಸಿಕೊಳ್ಳುತ್ತಿದ್ದರೆ ಬಾಗಿಲಿಗೆ ಅಂಟಿಸಬಹುದು, ಪೇಪರಿನಲ್ಲಿ ಪ್ರಕಟಣೆ ಕೊಡಿಸಬಹುದು. ಕರೆದ ದಿನ ನಾವು ಹೋಗದಿದ್ದರೆ ಎಕ್ಸ್‌ಪಾರ್ಟಿ, ಅಂದರೆ ಎದುರು ಪಾರ್ಟಿ ಬಂದಿಲ್ಲ, ಅಂತ ಬರೆದು ಮುಂದಕ್ಕೆ ಹೋಗುತ್ತಾರೆ. ನನ್ನ ಕೇಸಿನಲ್ಲಿ ಫೈನಾನ್ಸಿನವರು ಒಂದು ಅಫಿಡವಿಟ್ ಹಾಕಿದರು, ಪ್ರೋನೋಟು ಹಾಜರುಪಡಿಸಿದರು. ಎದುರು ಪ್ರಶ್ನೆ ಕೇಳೋರು ಯಾರೂ ಇರಲಿಲ್ಲ. 2020ರ ಫೆಬ್ರುವರಿಯಲ್ಲಿ ಡಿಕ್ರಿ, ಅಂದರೆ ಹಣ ಕಟ್ಟಬೇಕು ಅನ್ನೋ ಕೋರ್ಟಿನ ತೀರ್ಮಾನ, ಆಯಿತು.

ಎಷ್ಟಕ್ಕೆ ಅಂತ ಆಮೇಲೆ ನಕಲು ತೆಗೆಸಿ ನೋಡಿದೆ. ಖಾಲಿ ಇದ್ದ ಜಾಗದಲ್ಲಿ ನೂರಕ್ಕೆ ಎರಡು, ಅಂದರೆ ವರ್ಷಕ್ಕೆ 24 ಅಂತ ತುಂಬಿದ್ದರು. 3 ವರ್ಷದ ಬಡ್ಡಿ 1,44,000. ಸ್ನೇಹಿತ ಕಟ್ಟಿದ 60,000ದಲ್ಲಿ 20,000 ಮಾತ್ರ ತೋರಿಸಿದ್ದರು. ಒಟ್ಟು 3,24,000. ಮಾತಾಡಿದ ಬಡ್ಡಿಗೆ ಲೆಕ್ಕ ಹಾಕಿ, ಕಟ್ಟಿದ್ದನ್ನೆಲ್ಲ ಕಳೆದರೆ 2,48,000 ಆಗಬೇಕಿತ್ತು. 76,000 ರೂಪಾಯಿ ವ್ಯತ್ಯಾಸ! ಕಟ್ಟಿದ್ದಕ್ಕೆ ಚೀಟಿಗಳು ಸ್ನೇಹಿತನ ಮಂಡಿಯ ಪುಸ್ತಕದಲ್ಲೇ ಇದ್ದವು. ನಾನು ಹೋಗಿ ವಕಾಲತ್ತು ಹಾಕಿಸಿ, ತಕರಾರು (ದಾವೆಗೆ ಬರಹದ ಉತ್ತರ) ಸಲ್ಲಿಸಿದ್ದರೆ ಅದನ್ನು ಕೋರ್ಟಿನ ಮುಂದಿಡಬಹುದಿತ್ತು. ಸಮನ್ಸ್ ಕೈಗೆ ಬಂದ ಮೇಲೆ ತಕರಾರಿಗೆ 30 ದಿನ ಇರುತ್ತದೆ, ಕಾರಣ ತೋರಿಸಿದರೆ 90ರವರೆಗೆ ಕೊಡಬಹುದು. ಸಾಲ ಕೊಟ್ಟವರಿಗೆ ಲೇವಾದೇವಿ ಲೈಸೆನ್ಸ್ ಇದೆಯಾ ಅಂತ ಕೇಳಬಹುದಿತ್ತು. ಕೊನೇ ಪಕ್ಷ, ಕಂತಿನಲ್ಲಿ ಕಟ್ಟುತ್ತೇನೆ ಅಂತ ಬೇಡಿಕೊಳ್ಳಬಹುದಿತ್ತು. ಡಿಕ್ರಿ ಮಾಡುವಾಗಲೇ ಕಂತು ಮಾಡಿಕೊಡೋ ಅಧಿಕಾರ ಕೋರ್ಟಿಗಿದೆ. ಕೇಳೋಕೆ ಅಲ್ಲಿ ನಾನೇ ಇರಲಿಲ್ಲ.

ಕೋವಿಡ್ ಬಂತು. ಕೋರ್ಟು ಸರಿಯಾಗಿ ನಡೆಯುತ್ತಿಲ್ಲ ಅಂತ ಕೇಳಿ, ಎಲ್ಲ ಮುಗಿಯಿತು ಅಂದುಕೊಂಡೆ. ಡಿಕ್ರಿಗೆ ಆಯಸ್ಸು 12 ವರ್ಷ ಅಂತ ಗೊತ್ತಿರಲಿಲ್ಲ. ಅಷ್ಟು ವರ್ಷದೊಳಗೆ ಯಾವಾಗ ಬೇಕಾದರೂ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿ ಹಣ ವಸೂಲಿ ಮಾಡಿಕೊಡಿ ಅನ್ನೋ ಅರ್ಜಿ, ಹಾಕಬಹುದು. 2021ರ ಮಧ್ಯದಲ್ಲಿ ಹಾಕಿದರು. ಬಡ್ಡಿ, ಕೋರ್ಟು ಖರ್ಚು ಸೇರಿ 3,70,000.

ಮನೆ ಸಾಲ ಕಟ್ಟದಿದ್ದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆ (ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳೋ ಕಾಯ್ದೆ) ಹಿಡಿದು ಮನೆಗೇ ಬರುತ್ತದೆ. ಒಡವೆ ಸಾಲ ಆದರೆ ಒಡವೆ ಹರಾಜು. ಏನೂ ಅಡವಿಲ್ಲದ ಸಾಲಕ್ಕೆ ಅಂಥ ಹಿಡಿತ ಇಲ್ಲ, ಇವರೇನು ಮಾಡಿಯಾರು ಅನ್ನೋದು ನಮ್ಮೆಲ್ಲರ ಧೈರ್ಯ. ಡಿಕ್ರಿ ಆಗೋವರೆಗೆ ಮಾತ್ರ ಅದು ನಿಜ. ಡಿಕ್ರಿ ಆದ ಮೇಲೆ ನಮ್ಮ ಬ್ಯಾಂಕ್ ಖಾತೆ, ಸಂಬಳ, ಗಾಡಿ, ನಮ್ಮ ಹೆಸರಿನ ಸೈಟು, ಎಲ್ಲವನ್ನೂ ಜಪ್ತಿಗೆ ತೋರಿಸಬಹುದು.

2022ರ ಆರಂಭದಲ್ಲಿ ಒಂದು ಬೆಳಗ್ಗೆ ನಾನು ಕ್ಲಾಸಿನಲ್ಲಿದ್ದೆ. ಹೆಂಡತಿಯ ಫೋನು. "ಅಮೀನರು ಬಂದಿದಾರೆ, ಬೇಗ ಬನ್ನಿ." ಓಡಿ ಬಂದೆ. ಅಮೀನರು, ಜೊತೆಗೆ ಫೈನಾನ್ಸಿನ ಹುಡುಗ. ಚರ ಸ್ವತ್ತಿನ ಜಪ್ತಿ ವಾರಂಟು. ಟಿವಿ, ಫ್ರಿಜ್ಜು, ಬೈಕು ಅಂತ ಪಟ್ಟಿ ಬರೆಯುತ್ತಿದ್ದರು. ಅಮ್ಮ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದರು, ಕೈಯಲ್ಲಿ ಸೌಟು ಹಾಗೇ ಇತ್ತು. ಅಮೀನರು ಒಳ್ಳೆ ಮನುಷ್ಯರು. "ಅಮ್ಮಾ, ಗಾಬರಿ ಆಗ್ಬೇಡಿ. ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ಸೊಸೆ ತಾಳಿ ನಾವು ಮುಟ್ಟೋ ಹಾಗಿಲ್ಲ" ಅಂದರು. ಕಾನೂನೂ ಅದನ್ನೇ ಹೇಳುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಈ ಪಟ್ಟಿ ಇದೆ. ಕಸುಬಿನ ಸಲಕರಣೆ, ರೈತರ ನೇಗಿಲು ಎತ್ತು ಕೂಡ ಮುಟ್ಟುವಂತಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಜಪ್ತಿಗೆ ಅಂತ ವಾಸದ ಮನೆಯೊಳಗೆ ಬರುವಂತಿಲ್ಲ. ರಾತ್ರಿ ಬಂದು ಬಾಗಿಲು ಬಡಿಯೋರು ಕೋರ್ಟಿನವರಲ್ಲ, ತಿಳಿದಿರಲಿ. ಆದರೆ ಆ ಬೆಳಗ್ಗೆ ಬೀದಿಯವರೆಲ್ಲ ಗೇಟಿನ ಹತ್ತಿರ ನಿಂತು ನೋಡಿದರು. ಅಮ್ಮ ಅವತ್ತು ಊಟ ಮಾಡಲಿಲ್ಲ.

ಈ ಹಳೇ ಸಾಮಾನಿಗೆ ಎಷ್ಟು ಬಂದೀತು, ಸಂಬಳ ಹಿಡಿಯೋಣ ಅಂತ ಫೈನಾನ್ಸಿನವರೇ ದಾರಿ ಬದಲಿಸಿದರು. ಕೋರ್ಟಿನಿಂದ ನೇರ ಶಾಲೆಗೆ ಆದೇಶ ಬಂತು. ಲೆಕ್ಕ ಹೀಗೆ: ಸಂಬಳದಲ್ಲಿ ಮೊದಲ 1,000 ಬಿಡಬೇಕು, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಬಿಡಬೇಕು, ಒಂದು ಪಾಲು ಹಿಡಿಯಬಹುದು. ನನ್ನ ಸಂಬಳ 25,000. ಹಾಗಾಗಿ 8,000. ಒಂದೇ ಡಿಕ್ರಿಗೆ ಹೀಗೆ 24 ತಿಂಗಳು ಹಿಡಿಯಬಹುದು, ಅಷ್ಟಾದ ಮೇಲೆ ಆ ಡಿಕ್ರಿಗೆ ಮತ್ತೆ ಸಂಬಳ ಮುಟ್ಟುವಂತಿಲ್ಲ. ಪಿಎಫ್ ದುಡ್ಡನ್ನೂ ಜಪ್ತಿ ಮಾಡುವಂತಿಲ್ಲ. ಮೊದಲ ತಿಂಗಳ ಸಂಬಳದ ಚೀಟಿ ಕೊಡುವಾಗ ನಮ್ಮ ಗುಮಾಸ್ತರು ಅದನ್ನು ಎರಡು ಮಡಿಕೆ ಮಾಡಿ, ಬೇರೆ ಮೇಷ್ಟ್ರುಗಳಿಗೆ ಕಾಣದ ಹಾಗೆ ಕೈಗಿಟ್ಟರು. 'ಕೋರ್ಟ್ ಕಡಿತ' ಅಂತ ಪೆನ್ನಿನಲ್ಲಿ ಬರೆದಿದ್ದರು.

ಆಗ ವಕೀಲರ ಹತ್ತಿರ ಓಡಿದೆ. ನಾನು ಕೇಳಿದ ಮೊದಲ ಪ್ರಶ್ನೆ, ಸಾಲ ಮಾಡಿದವನನ್ನು ಬಿಟ್ಟು ನನ್ನನ್ನೇಕೆ ಹಿಡಿದರು ಅನ್ನೋದು. ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಅವನ ಹತ್ತಿರ ವಸೂಲಿ ಮಾಡಿ ಅಂತ ನಾವು ಹೇಳೋ ಹಾಗಿಲ್ಲ. ಅವನ ಹೆಸರಲ್ಲಿ ಏನೂ ಇರಲಿಲ್ಲ, ನನಗೆ ಸಂಬಳ ಇತ್ತು.

ಎಕ್ಸ್‌ಪಾರ್ಟಿ ಡಿಕ್ರಿ ರದ್ದು ಮಾಡಿಸೋಕೆ ಅರ್ಜಿ ಇದೆ. ಡಿಕ್ರಿ ಆದ 30 ದಿನದೊಳಗೆ ಹಾಕಬೇಕು. ಸಮನ್ಸ್ ನಿಜಕ್ಕೂ ಜಾರಿಯಾಗಿರದಿದ್ದರೆ, ಡಿಕ್ರಿ ಗೊತ್ತಾದ ದಿನದಿಂದ 30 ದಿನ. ವಕೀಲರು ನನ್ನನ್ನೇ ನೋಡುತ್ತಾ, "ಸಮನ್ಸ್ ಬಂದೇ ಇಲ್ಲ ಅಂತ ಪ್ರಮಾಣ ಮಾಡ್ತೀರಾ ಮೇಷ್ಟ್ರೇ?" ಎಂದರು. ಅಂಚೆಯವರ ಶರಾ ಕಣ್ಣ ಮುಂದೆ ಬಂತು. ಆಗಲ್ಲ ಅಂದೆ.

ಜೈಲಿನ ಮಾತೂ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಅದಕ್ಕೇ ಜಾಸ್ತಿ ಹೆದರಿ ಬಾಗಿಲು ಹಾಕಿಕೊಳ್ಳುತ್ತಾರೆ. ಹಣದ ಡಿಕ್ರಿಗೆ ಸಿವಿಲ್ ಜೈಲು ಅಂತ ಇದೆ, ಹೆಚ್ಚೆಂದರೆ 3 ತಿಂಗಳು. ಆದರೆ ಕಟ್ಟೋ ಶಕ್ತಿ ಇದ್ದೂ ಕಟ್ಟದವನು, ಮೋಸಕ್ಕೆ ಆಸ್ತಿ ಬಚ್ಚಿಟ್ಟವನು, ಇಂಥವರಿಗೆ ಅದು. ಬಡತನ ಒಂದೇ ಕಾರಣಕ್ಕೆ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಹೆಂಗಸರನ್ನಂತೂ ಹಣದ ಡಿಕ್ರಿಗೆ ಬಂಧಿಸುವಂತೆಯೇ ಇಲ್ಲ.

ಚೆಕ್ಕಿನ ವಿಷಯ ಬೇರೆ, ಅದು ಕ್ರಿಮಿನಲ್ ಕೇಸು. ನಮ್ಮ ಶಾಲೆಯಲ್ಲೇ ಒಬ್ಬರು ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟು ಸಿಕ್ಕಿಹಾಕಿಕೊಂಡರು. ಚೆಕ್ಕು ಬೌನ್ಸ್ ಆದ ಸುದ್ದಿ ಬಂದ 30 ದಿನದೊಳಗೆ ಸಾಲ ಕೊಟ್ಟವರು ನೋಟೀಸು ಕೊಡಬೇಕು. ನೋಟೀಸು ಬಂದ ಮೇಲೆ ಕಟ್ಟೋಕೆ ನಮಗೆ 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಅವರು ಚೆಕ್ಕಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ದೂರು ಹಾಕಬಹುದು. ಸಹಿ ಮಾತ್ರ ನನ್ನದು, ಮೊತ್ತ ಬರೆದವರು ಅವರು ಅನ್ನೋ ಒಂದೇ ಮಾತಿನಿಂದ ಪಾರಾಗೋಕೆ ಆಗಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೂ ಸ್ಪಷ್ಟ ಮಾಡಿದೆ. ಆ 15 ದಿನ ಬಹಳ ಬೆಲೆಯುಳ್ಳದ್ದು, ಕಳೆದುಕೊಳ್ಳಬೇಡಿ.

ನನ್ನದು 2023ರಲ್ಲಿ ಲೋಕ ಅದಾಲತ್‌ನಲ್ಲಿ ಮುಗಿಯಿತು. ಸಂಬಳದಿಂದ 1,12,000 ಹೋಗಿತ್ತು. ಉಳಿದ 2,58,000ಕ್ಕೆ ಬದಲು 1,80,000ಕ್ಕೆ ಒಪ್ಪಿದರು. ಬಳೆ ಹೋಗಿದ್ದು ಆವಾಗಲೇ. ಅಲ್ಲಿ ಕೂತಿದ್ದ ನ್ಯಾಯಾಧೀಶರು, "ದಾವೆ ಇದ್ದಾಗಲೇ ಬಂದಿದ್ರೆ ಇಷ್ಟು ದೂರ ಬರ್ತಿರಲಿಲ್ಲ ಅಲ್ವಾ?" ಅಂತ ಮೆಲ್ಲಗೆ ಕೇಳಿದರು. ನನ್ನಿಂದ ಉತ್ತರ ಬರಲಿಲ್ಲ.

ನಿಮ್ಮ ಮೇಲೆ ಕೇಸು ಇದೆಯಾ ಅಂತ ಅನುಮಾನ ಇದ್ದರೆ ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಳ್ಳಿ. ಜಿಲ್ಲೆ, ಕೋರ್ಟು ಆರಿಸಿ, ನಿಮ್ಮ ಹೆಸರು, ವರ್ಷ ಹಾಕಿ ಹುಡುಕಿ. ಮುಂದಿನ ವಾಯಿದೆ ಯಾವತ್ತು ಅಂತ ಅಲ್ಲೇ ಕಾಣುತ್ತದೆ. ಹೆಸರಿನ ಸ್ಪೆಲಿಂಗ್ ಎರಡು ಮೂರು ಥರ ಹಾಕಿ ನೋಡಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಕೂರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಇನ್ನು ಶೂರಿಟಿ ಹಾಕಲೇಬೇಕಾಗಿ ಬಂದರೆ, ಖಾಲಿ ಜಾಗ ಇರೋ ಕಾಗದಕ್ಕೆ ಸಹಿ ಬೇಡ. ಸಹಿ ಮಾಡಿದ ಕಾಗದದ ಫೋಟೋ ಅಲ್ಲೇ ತೆಗೆದುಕೊಳ್ಳಿ, ಅವರು ಕಟ್ಟಿದ ಪ್ರತಿ ಚೀಟಿಯ ಫೋಟೋ ಕೇಳಿ ಇಟ್ಟುಕೊಳ್ಳಿ.

ಶೂರಿಟಿ ಹಾಕಿ ದುಡ್ಡು ಕಟ್ಟಿದವನು ಅದನ್ನು ಸಾಲ ಮಾಡಿದವನಿಂದ ವಾಪಸ್ ಕೇಳಬಹುದು. ಅದಕ್ಕೂ ಕಟ್ಟಿದ ದಿನದಿಂದ 3 ವರ್ಷ. 2024ರಲ್ಲಿ ನಾನು ಸ್ನೇಹಿತನ ಮೇಲೆ 2,92,000ಕ್ಕೆ ದಾವೆ ಹಾಕಿದೆ. ಮನಸ್ಸಿಗೆ ತುಂಬ ಕಷ್ಟವಾಯಿತು. ಆದರೆ ಅವನು ಸಮನ್ಸ್ ಸಹಿ ಮಾಡಿ ತೆಗೆದುಕೊಂಡ, ಕರೆದ ದಿನವೇ ಬಂದ. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತು, "ಮೇಷ್ಟ್ರೇ, ಒಟ್ಟಿಗೆ ನನ್ನ ಕೈಲಿ ಆಗಲ್ಲ. ತಿಂಗಳಿಗೆ 4,000 ಕೊಡ್ತೀನಿ" ಎಂದ. ಆರು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ ಅಂತ ಗೊತ್ತಿದ್ದೇ ಒಪ್ಪಿದೆ. ಕೋರ್ಟು ಕಂತು ಬರೆದು ರಾಜಿ ಡಿಕ್ರಿ ಮಾಡಿತು. ಈ ತಿಂಗಳ 10ಕ್ಕೆ ಹನ್ನೊಂದನೇ ಕಂತು ಬಂದಿದೆ.