ನ್ಯೂ ಸೂಪರ್ ಮಾರಿಯೊ ಬ್ರದರ್ಸ್ 2: ಹತ್ತು ಲಕ್ಷ ನಾಣ್ಯ ಕೂಡಿಸಿದ ಮೇಲೆ

ಹತ್ತು ಲಕ್ಷ ನಾಣ್ಯಗಳನ್ನು ಕೂಡಿಸಿದವರಿಗೆ ಈ ಆಟ ಕೊಡುವ ಬಹುಮಾನವೆಂದರೆ ಆರಂಭದ ಪರದೆಯಲ್ಲಿ ಮೂಡುವ ಮಾರಿಯೊನ ಚಿನ್ನದ ಪ್ರತಿಮೆ. ಹೊಸ ಹಂತವಿಲ್ಲ, ಹೊಸ ಶಕ್ತಿಯಿಲ್ಲ. 2012ರಲ್ಲಿ ಆಟವು ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ನಿಂಟೆಂಡೊ 3ಡಿಎಸ್‌ಗೆ ಬಂದಾಗ ಪ್ರಚಾರವೆಲ್ಲ ಈ ಹತ್ತು ಲಕ್ಷದ ಗುರಿಯ ಸುತ್ತಲೇ ಇತ್ತು. ಆ ಗುರಿಯನ್ನು ನಂಬಿ, ಬಿಡುವಾದಾಗಲೆಲ್ಲ ಆಡುತ್ತಾ ವರ್ಷಗಳನ್ನು ಕಳೆದ ಮೇಲೆ ದೊರೆತದ್ದು ಒಂದು ಅಲಂಕಾರ ಎಂಬುದು ನನ್ನ ಮೊದಲನೆಯ ದೂರು. ಆದರೆ ಅದು ದೊಡ್ಡ ದೂರಲ್ಲ.

ದೊಡ್ಡ ದೂರು ನಾಣ್ಯವನ್ನು ಕುರಿತದ್ದೇ. ಮಾರಿಯೊ ಆಟಗಳಲ್ಲಿ ನಾಣ್ಯವು ಬರೀ ಗಳಿಕೆಯಲ್ಲ, ಅದು ದಾರಿ ತೋರಿಸುವ ಗುರುತು. ಎಲ್ಲಿಂದ ಜಿಗಿಯಬೇಕು, ಎಷ್ಟು ದೂರ ಹೋಗಬೇಕು ಎಂಬುದನ್ನು ಗಾಳಿಯಲ್ಲಿ ಕಮಾನಿನಂತೆ ಜೋಡಿಸಿದ ನಾಲ್ಕು ನಾಣ್ಯಗಳೇ ಹೇಳಿಬಿಡುತ್ತವೆ. ತಲುಪಲಾಗದಂತೆ ಕಾಣುವ ಮೂಲೆಯಲ್ಲಿ ಒಂಟಿಯಾಗಿ ಹೊಳೆಯುವ ನಾಣ್ಯ, ಅಲ್ಲೊಂದು ಗುಟ್ಟಿನ ಹಾದಿ ಇರಬಹುದೆಂಬ ಸಂಶಯವನ್ನು ಹುಟ್ಟಿಸುತ್ತದೆ. ನೂರು ನಾಣ್ಯಕ್ಕೆ ಒಂದು ಜೀವ ಎಂಬ ಹಳೆಯ ಲೆಕ್ಕದಿಂದಾಗಿ ಪ್ರತಿಯೊಂದು ನಾಣ್ಯಕ್ಕೂ ಒಂದಿಷ್ಟು ತೂಕವಿತ್ತು.

ಈ ಉತ್ತರಭಾಗದಲ್ಲಿ ಚಿನ್ನದ ಉಂಗುರದೊಳಗೆ ನುಗ್ಗಿದರೆ ಶತ್ರುಗಳೆಲ್ಲ ಚಿನ್ನವಾಗುತ್ತಾರೆ, ಆಮೆಯ ಚಿಪ್ಪನ್ನು ಒದ್ದರೆ ಅದು ಹೋದ ದಾರಿಯುದ್ದಕ್ಕೂ ನಾಣ್ಯಗಳು ಬೀಳುತ್ತವೆ. ಚಿನ್ನದ ಹೂವು ಸಿಕ್ಕರೆ ಎದುರಿಗಿರುವ ಇಟ್ಟಿಗೆಗಳೇ ನಾಣ್ಯಗಳಾಗುತ್ತವೆ. ಚಿನ್ನದ ಪೆಟ್ಟಿಗೆಯೊಂದು ತಲೆಯ ಮೇಲೆ ಕೂತರೆ ಮಾರಿಯೊ ಓಡಿದಷ್ಟೂ ಅದು ನಾಣ್ಯ ಉಗುಳುತ್ತದೆ. ಮದುವೆಯ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಬಿಡದೆ ಹೋಳಿಗೆ ಬಡಿಸುವವರಂತೆ ಆಟವು ಸುರಿಯುತ್ತಲೇ ಹೋಗುತ್ತದೆ. ಪರಿಣಾಮವಾಗಿ ಜೀವಗಳು ನೂರಾರು ಜಮೆಯಾಗುತ್ತವೆ, ಸಾಯುವುದಕ್ಕೆ ಯಾರೂ ಅಂಜಬೇಕಾಗಿಲ್ಲ. ಪರದೆಯೆಲ್ಲ ಹೊಳೆಯುತ್ತಿರುವಾಗ ಯಾವ ಹೊಳಪು ದಾರಿ ತೋರಿಸುತ್ತಿದೆ ಎಂಬುದೂ ಕಣ್ಣಿಗೆ ತಿಳಿಯದೆ ಹೋಗುತ್ತದೆ. ಪ್ರತಿ ಹಂತದಲ್ಲಿ ಅಡಗಿಸಿಟ್ಟ ಮೂರು ದೊಡ್ಡ ನಕ್ಷತ್ರದ ನಾಣ್ಯಗಳಿಗೆ ಮಾತ್ರ ಹಳೆಯ ಬೆಲೆ ಉಳಿದಿದೆ, ಮತ್ತು ಹಂತಗಳನ್ನು ಕಟ್ಟಿದವರ ಜಾಣ್ಮೆ ಕಾಣುವುದೂ ಅವುಗಳ ಹುಡುಕಾಟದಲ್ಲಿಯೇ.

ಉಳಿದ ಕೊರತೆಗಳನ್ನು ಬೇಗ ಹೇಳಿ ಮುಗಿಸಬಹುದು. ಸಂಗೀತದ ಬಹುಪಾಲು ನಿಂಟೆಂಡೊದ ವೀ ಯಂತ್ರಕ್ಕೆ 2009ರಲ್ಲಿ ಬಂದ ಇದೇ ಸರಣಿಯ ಆಟದಿಂದ ಎತ್ತಿಕೊಂಡದ್ದು. ಚಿತ್ರಕ್ಕೆ ಆಳ ತೋರಿಸುವ, ಯಂತ್ರದ 3ಡಿ ಪಟ್ಟಿಯನ್ನು ಮೇಲಕ್ಕೆ ಸರಿಸಿದರೆ ಹಿನ್ನೆಲೆ ಮಸುಕಾಗುತ್ತದೆಯೇ ಹೊರತು ಆಟಕ್ಕೆ ಹೆಚ್ಚೇನೂ ದಕ್ಕುವುದಿಲ್ಲವಾದ್ದರಿಂದ ನಾನು ಅದನ್ನು ಪೂರ್ತಿ ಕೆಳಗಿಳಿಸಿಯೇ ಆಡುತ್ತೇನೆ. ಇಬ್ಬರು ಕೂಡಿ ಆಡುವುದಕ್ಕೆ ಎರಡು ಯಂತ್ರಗಳ ಜೊತೆಗೆ, ಆಟವನ್ನು ತುಂಬಿಟ್ಟ ಎರಡು ಕಾರ್ಟ್ರಿಜ್‌ಗಳೂ ಬೇಕು; ನಮ್ಮ ಮನೆಯಲ್ಲಿ ಅದು ಆಗದ ಮಾತು. ನನ್ನ ಯಂತ್ರ ಅಮೆರಿಕದಿಂದ ಅಣ್ಣ ತಂದದ್ದು, ಅದು ಅಲ್ಲಿಯ ಕಾರ್ಟ್ರಿಜ್‌ಗಳನ್ನಷ್ಟೇ ಒಪ್ಪುತ್ತದೆ. ಹಾಗಾಗಿ ಅವನು ಊರಿಗೆ ಬರುವಾಗ ಒಂದೋ ಎರಡೋ ಆಟ ಮಾತ್ರ ಕೇಳುವ ಧೈರ್ಯ ನನಗಿರುತ್ತಿತ್ತು. 40 ಡಾಲರ್‌ನ ಆ ಆಯ್ಕೆಯನ್ನು ಈ ಆಟಕ್ಕೆ ಖರ್ಚು ಮಾಡಿದ್ದರಿಂದ ನನ್ನ ತೀರ್ಪು ಸ್ವಲ್ಪ ಖಾರವಾಗಿದ್ದರೆ ಆಶ್ಚರ್ಯವಿಲ್ಲ. ಹತ್ತಾರು ಆಟಗಳ ನಡುವೆ ಇದೊಂದನ್ನು ಆಡಿದವರು ಬಹುಶಃ ಇಷ್ಟು ಮುನಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಈ ಕಾರ್ಟ್ರಿಜ್ ಯಂತ್ರದಲ್ಲಿಯೇ ಉಳಿದಿರುವುದಕ್ಕೆ ಕಾರಣ ಕಾಯಿನ್ ರಶ್ ಎಂಬ ವಿಭಾಗ. ಅಲ್ಲಿ ಆಟವೇ ಆರಿಸಿಕೊಟ್ಟ ಮೂರು ಹಂತಗಳನ್ನು ಒಂದೇ ಜೀವದಲ್ಲಿ, ತೀರಾ ಕಡಿಮೆ ಸಮಯದಲ್ಲಿ ದಾಟಬೇಕು, ಬಿದ್ದರೆ ಅಲ್ಲಿಗೆ ಮುಗಿಯಿತು. ಕೊನೆಯ ಧ್ವಜಸ್ತಂಭದ ತುದಿಯನ್ನೇ ಹಿಡಿದರೆ ಕೂಡಿಸಿದ ನಾಣ್ಯ ಎರಡು ಪಟ್ಟಾಗುತ್ತದೆ. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ದೀಪ ಆರಿಸಿ, ಧ್ವನಿಯನ್ನು ಪಿಸುಮಾತಿನ ಮಟ್ಟಕ್ಕೆ ಇಳಿಸಿ, ಮಲಗುವ ಮುನ್ನ ಇದನ್ನು ಒಂದು ಸುತ್ತು ಆಡುವುದು ನನ್ನ ರೂಢಿಯಾಗಿದೆ. ಸೋತರೂ ಎರಡನೆಯ ಸುತ್ತಿಲ್ಲ ಎಂಬುದು ನಾನೇ ಹಾಕಿಕೊಂಡ ನಿಯಮ. ಸಮಯ ಓಡುತ್ತಿರುವಾಗ ಮೇಲಿನ ಮೋಡದ ಮೇಲಿರುವ ಹತ್ತು ನಾಣ್ಯಕ್ಕೆ ಏರಬೇಕೇ, ಇಲ್ಲ ಸ್ತಂಭದತ್ತ ನೇರ ಓಡಬೇಕೇ ಎಂದು ಯೋಚಿಸುವ ಆ ಕ್ಷಣದಲ್ಲಿ, ಮುಖ್ಯ ಆಟವು ಕಳೆದುಹಾಕಿದ ನಾಣ್ಯದ ತೂಕ ತಾನಾಗಿ ಹಿಂದಿರುಗುತ್ತದೆ. ಇಡೀ ಆಟವನ್ನು ಈ ಬಿಗಿಯಲ್ಲಿ ಕಟ್ಟಬಹುದಿತ್ತಲ್ಲ ಎಂಬ ಹೊಟ್ಟೆಯುರಿಯೂ ಅಲ್ಲಿಯೇ ಹುಟ್ಟುತ್ತದೆ.

ಕಾಯಿನ್ ರಶ್ ದಾಖಲೆಗಳನ್ನು, ಹಾದಿಯಲ್ಲಿ ಎದುರಾಗುವ ಬೇರೆ 3ಡಿಎಸ್‌ಗಳೊಂದಿಗೆ ಸ್ಟ್ರೀಟ್‌ಪಾಸ್ ಮೂಲಕ ವಿನಿಮಯ ಮಾಡಿಕೊಳ್ಳುವ ಏರ್ಪಾಡೂ ಇದೆ. ಜಪಾನಿನ ರೈಲುಗಳಿಗೆ ಹೊಂದುವ ಕಲ್ಪನೆ ಅದು. ಬೆಂಗಳೂರಿನ ಮೆಟ್ರೊದಲ್ಲಿ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಎಷ್ಟು ತಿರುಗಿದರೂ ಇನ್ನೊಂದು ಯಂತ್ರ ಸಿಕ್ಕಿತೆಂದು ಹೇಳುವ ಅದರ ಹಸಿರು ದೀಪ ಹೊತ್ತಿದ್ದನ್ನು ನಾನು ಕಂಡಿಲ್ಲ, ಹೀಗಾಗಿ ನನ್ನ ದಾಖಲೆಯನ್ನು ಮುರಿಯುವ ಕೆಲಸವೂ ನನ್ನದೇ.

3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್ 27ರಂದು ಹೊಸ ಮಾರಾಟವನ್ನು ನಿಲ್ಲಿಸಿರುವುದರಿಂದ ಈಗ ಕೊಳ್ಳುವವರು ಕಾರ್ಟ್ರಿಜ್ಜನ್ನೇ ಹುಡುಕಬೇಕು. ಇದಕ್ಕಿಂತ ಹಿಂದಿನ ಡಿಎಸ್ ಯಂತ್ರಕ್ಕೆ 2006ರಲ್ಲಿ ಬಂದ, ಈ ಸರಣಿಯ ಮೊದಲ ಆಟವನ್ನು ಇನ್ನೂ ಆಡಿಲ್ಲದವರು ಮೊದಲು ಅದನ್ನೇ ಕೊಳ್ಳಲಿ, 3ಡಿಎಸ್‌ನಲ್ಲಿ ಅದೂ ಓಡುತ್ತದೆ. ಅದನ್ನು ಮುಗಿಸಿದವರು, ಈ ಎರಡನೆಯದು ಕಡಿಮೆ ಬೆಲೆಗೆ ಸಿಕ್ಕರೆ, ಕಾಯಿನ್ ರಶ್‌ಗಾಗಿ ಕೊಳ್ಳಬಹುದು. ಹತ್ತು ಲಕ್ಷದ ಗೊಡವೆಗೆ ಹೋಗುವುದು ಬೇಡ.